ತಾಯಿಯ ಹೊತ್ತು ಕಿತ್ತುಕೊಂಡು ತಾಯ್ನುಡಿಯ ಭಾಷಣ!

ಬೆಳಗಿನ ಜಾವ ನಾಲ್ಕೂವರೆ. ಮುಳಬಾಗಿಲು ತಾಲ್ಲೂಕು, ಹೆದ್ದಾರಿ ಪಕ್ಕದ ಒಂದು ಗೇಟು. ತಲೆಗೆ ಟವಲು ಸುತ್ತಿಕೊಂಡ ಏಳೆಂಟು ಹೆಣ್ಣುಮಕ್ಕಳು ಕಾರ್ಖಾನೆ ಬಸ್ಸಿಗೆ ಕಾದು ನಿಂತಿದ್ದಾರೆ. ಕೈಯಲ್ಲಿ ಬುತ್ತಿ ಚೀಲ, ಕೊರಳಲ್ಲಿ ಗುರುತಿನ ಕಾರ್ಡು. ಆರಕ್ಕೆ ನರಸಾಪುರದಲ್ಲಿ ಪಾಳಿ ಶುರು. ಅವರಲ್ಲಿ ಒಬ್ಬಾಕೆಗೆ ಎರಡೂವರೆ ವರ್ಷದ ಮಗ. ‘ಮಾತಾಡ್ತಾನೇನಮ್ಮಾ?’ ಅಂತ ಕೇಳಿದೆ.

‘ಮೊಬೈಲಲ್ಲಿ ಬರೋ ಹಾಡೆಲ್ಲಾ ಗುನುಗ್ತಾನೆ ಸಾರ್. ನನ್ನ ಹತ್ರ ಮಾತ್ರ ಏನೂ ಹೇಳಲ್ಲ.’

ಬಸ್ಸು ಬಂತು. ಹತ್ತಿ ಹೋದಳು. ಅವಳು ಮನೆ ಬಿಟ್ಟಾಗ ಮಗ ಮಲಗಿದ್ದ. ಓಟಿ ಇದ್ದ ದಿನ ಅವಳು ಮರಳುವ ಹೊತ್ತಿಗೂ ಮಲಗಿರುತ್ತಾನೆ.

ಗೆಳೆಯರೇ, ಕನ್ನಡಕ್ಕೆ ಬಂದಿರುವ ಕುತ್ತು ಎಲ್ಲಿದೆ ಅಂತ ನಾವು ಬ್ರಿಗೇಡ್ ರಸ್ತೆಯ ಬೋರ್ಡುಗಳಲ್ಲಿ ಹುಡುಕುತ್ತಿದ್ದೇವೆ. ಅದು ಈ ಗೇಟಿನ ಕತ್ತಲಲ್ಲಿ ನಿಂತಿದೆ. ಬೋರ್ಡು ಬೇಡ ಅಂತ ನಾನು ಹೇಳುತ್ತಿಲ್ಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ನಾಮಫಲಕಕ್ಕಾಗಿ ಹುಡುಗರು ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು ಕಾನೂನು ಬಂತು. ಒಳ್ಳೆಯದೇ ಆಯಿತು. ಆದರೆ ಅದೇ 2023ರ ಫೆಬ್ರುವರಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 9 ಗಂಟೆಯಿಂದ 12 ಗಂಟೆಯವರೆಗೆ ಎಳೆಯಬಹುದು, ಹೆಂಗಸರನ್ನು ರಾತ್ರಿ ಪಾಳಿಗೂ ಹಾಕಬಹುದು ಎಂಬ ತಿದ್ದುಪಡಿಗೆ ನಮ್ಮ ವಿಧಾನಮಂಡಲ ಕೈಯೆತ್ತಿತು. ವಾರಕ್ಕೆ 48 ಗಂಟೆ ಮೀರುವಂತಿಲ್ಲ ಎಂಬ ಷರತ್ತಿದೆ ನಿಜ. ಆದರೆ ಎರಡು ವರ್ಷದ ಕೂಸಿಗೆ ವಾರದ ಲೆಕ್ಕ ಗೊತ್ತಾಗುತ್ತದೆಯೇ? ಅದಕ್ಕೆ ಗೊತ್ತಿರುವುದು ಇವತ್ತು ಅಮ್ಮ ಇದ್ದಾಳೋ ಇಲ್ಲವೋ ಎಂಬುದೊಂದೇ. ಕಾರ್ಮಿಕ ಸಂಘಗಳು ಕೂಗಾಡಿದವು. ಕನ್ನಡದ ಬಾವುಟ ಹಿಡಿದ ನಮ್ಮಲ್ಲಿ ಎಷ್ಟು ಜನ ಅವತ್ತು ಬೀದಿಗೆ ಬಂದೆವು? ಅದು ಕೂಲಿಯ ಪ್ರಶ್ನೆ, ಭಾಷೆಯ ಪ್ರಶ್ನೆಯಲ್ಲ ಅಂದುಕೊಂಡೆವು. ಅಲ್ಲೇ ನಾವು ಎಡವಿದ್ದು!

ಮಗು ಮಾತು ಕಲಿಯುವುದು ಶಾಲೆಯಲ್ಲಲ್ಲ. ಒಂದನೇ ಕ್ಲಾಸಿಗೆ ಬರುವಷ್ಟರಲ್ಲಿ ಮುಖ್ಯ ಕೆಲಸ ಮುಗಿದಿರುತ್ತದೆ. ಹಾಲುಗಲ್ಲದ ಕೂಸು ‘ಉಂಗ’ ಅಂದಾಗ ‘ಏನು ಚಿನ್ನಾ, ಹಸಿವಾಯ್ತಾ?’ ಅಂತ ಯಾರೋ ಉತ್ತರ ಕೊಡಬೇಕು. ಬೆರಳು ತೋರಿಸಿದರೆ ‘ಅದು ಕಾಗೆ, ಕಾಗೆ ಹೆಂಗೆ ಕೂಗುತ್ತೆ?’ ಅಂತ ಕೇಳಬೇಕು. ತಪ್ಪು ಹೇಳಿದರೆ ನಗಬೇಕು, ಸರಿ ಹೇಳಿದರೆ ಕುಣಿಯಬೇಕು. ಈ ಕೊಡುಕೊಳ್ಳುವಿಕೆಯಲ್ಲೇ ಭಾಷೆ ಹುಟ್ಟುವುದು. 2018ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 4ರಿಂದ 6 ವರ್ಷದ 36 ಮಕ್ಕಳನ್ನು ಪರೀಕ್ಷಿಸಿದರು. ಮನೆಯಲ್ಲಿ ಎಷ್ಟು ಪದ ಕಿವಿಗೆ ಬಿತ್ತು ಎನ್ನುವುದಕ್ಕಿಂತ ಎಷ್ಟು ಸಲ ಮಗು ಮತ್ತು ದೊಡ್ಡವರ ನಡುವೆ ಮಾತು ಆ ಕಡೆ ಈ ಕಡೆ ಓಡಾಡಿತು ಎನ್ನುವುದೇ ಮಿದುಳಿನ ಭಾಷಾಭಾಗದ ಚಟುವಟಿಕೆಯಲ್ಲಿ ಎದ್ದು ಕಂಡಿತು. ಅಪ್ಪ ಅಮ್ಮನ ಆದಾಯ ಎಷ್ಟೇ ಇರಲಿ, ಫಲಿತಾಂಶ ಅದೇ.

ಮೊಬೈಲು ಈ ಕೆಲಸ ಮಾಡುವುದಿಲ್ಲ. 2003ರಲ್ಲೇ ಪೆಟ್ರೀಷಿಯಾ ಕುಲ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತು ಹಿಡಿದವು. ಅದೇ ಮಾತು, ಅದೇ ಮುಖ, ಟೀವಿಯಲ್ಲಿ ತೋರಿಸಿದಾಗ? ಸೊನ್ನೆ! ಟೀವಿ ಉತ್ತರ ಕೊಡುವುದಿಲ್ಲವಲ್ಲ. ಮುಳಬಾಗಿಲಿನ ಆ ಹುಡುಗ ಹಾಡು ಗುನುಗುತ್ತಾನೆ, ಮಾತಾಡುವುದಿಲ್ಲ. ಯಾಕೆ ಅಂತ ಈಗ ಗೊತ್ತಾಯಿತೇ?

ಬಡವರಿಗೆ ಮಾತು ಬರಲ್ಲವಂತೆ!

ಇಲ್ಲಿಗೆ ಕೆಲವು ಮಹಾಶಯರು ಒಂದು ಪುಸ್ತಕ ಹಿಡಿದುಕೊಂಡು ಬರುತ್ತಾರೆ. 1995ರಲ್ಲಿ ಹಾರ್ಟ್ ಮತ್ತು ರಿಸ್ಲಿ ಎಂಬಿಬ್ಬರು ಅಮೆರಿಕದ ಕಾನ್ಸಾಸ್‌ನ 42 ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಒಂದು ಗಂಟೆ ಕೂತು, ಮಾತು ದಾಖಲಿಸಿ ಬರೆದದ್ದು. ಬಡವರ ಮಗು ನಾಲ್ಕು ವರ್ಷ ತುಂಬುವಷ್ಟರಲ್ಲಿ ಉಳ್ಳವರ ಮಗುವಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತದೆ ಅಂತ ಅವರು ಲೆಕ್ಕ ಹಾಕಿದರು. ಜಗತ್ತಿನ ತುಂಬ ಡಂಗುರವಾಯಿತು. ಬಡವರ ಮನೆಯಲ್ಲಿ ಬೈಗುಳ ಬಿಟ್ಟರೆ ಮಾತೇ ಇಲ್ಲ ಎನ್ನುವಂತೆ ಇದನ್ನು ಎತ್ತಿಕೊಂಡು ತಿರುಗುವವರು ನಮ್ಮಲ್ಲೂ ಇದ್ದಾರೆ. ಆದರೆ ಆ 42 ಮನೆಗಳಲ್ಲಿ ಸರ್ಕಾರದ ಸಹಾಯಧನದ ಮೇಲೆ ಬದುಕುತ್ತಿದ್ದ ಮನೆಗಳು ಬರೀ 6. ಆರೂ ಕರಿಯರ ಮನೆಗಳು. ಟೇಪು ಹಿಡಿದು ಅಪರಿಚಿತರು ಬಂದು ಕೂತರೆ ಯಾವ ಬಡವಿ ತಾನೇ ಬಾಯಿತುಂಬ ಮಾತಾಡಿಯಾಳು? 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಜ್ಜಿ, ಅಕ್ಕ, ಪಕ್ಕದ ಮನೆಯವರ ಮಾತನ್ನೂ ಎಣಿಸಿತು. ಕೆಲವು ಬಡ ಸಮುದಾಯಗಳ ಮಕ್ಕಳು ಉಳ್ಳವರ ಮಕ್ಕಳಿಗಿಂತ ಹೆಚ್ಚೇ ಮಾತು ಕೇಳುತ್ತಿದ್ದರು!

ಹಾಗಂತ ಎಲ್ಲ ಸರಿಯಿದೆ ಅಂತ ಕೈತೊಳೆದುಕೊಳ್ಳುವಂತಿಲ್ಲ. ಸುತ್ತಮುತ್ತ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತು ಬೇರೆ, ಮಗುವನ್ನೇ ನೋಡಿ ಆಡುವ ಮಾತು ಬೇರೆ. 2013ರಲ್ಲಿ ಅಮೆರಿಕದಲ್ಲೇ ಸ್ಪ್ಯಾನಿಷ್ ಮಾತಾಡುವ 29 ಬಡ ಮನೆಗಳ ಹಸುಳೆಗಳ ಒಂದಿಡೀ ದಿನದ ಮಾತನ್ನು ದಾಖಲಿಸಿದರು. ಎಲ್ಲರೂ ಬಡವರೇ. ಒಂದು ಮನೆಯಲ್ಲಿ ಮಗುವಿಗೆಂದೇ ಆಡಿದ ಪದ 12,000ಕ್ಕೂ ಹೆಚ್ಚು. ಇನ್ನೊಂದು ಮನೆಯಲ್ಲಿ ಬರೀ 670. ಹೆಚ್ಚು ಮಾತು ಕಂಡ ಮಗು ಮುಂದೆ ಹೆಚ್ಚು ಪದ ಬಲ್ಲದ್ದಾಯಿತು. ಬಡತನ ಒಂದೇ, ಮಾತಿನಲ್ಲಿ ಆಕಾಶ ಭೂಮಿ ಅಂತರ! ಅಂದರೆ ಬಡವಿಯ ನಾಲಿಗೆಯಲ್ಲಿ ಏನೂ ಕೊರತೆಯಿಲ್ಲ. ಹೊತ್ತು, ನೆಮ್ಮದಿ, ‘ಇಷ್ಟು ಚಿಕ್ಕ ಕೂಸಿನ ಜೊತೆ ಮಾತಾಡಬೇಕು’ ಎಂಬ ತಿಳಿವಳಿಕೆ, ಈ ಮೂರು ಇದ್ದ ಕಡೆ ಮಾತು ಹರಿಯುತ್ತದೆ.

ಕೋಲಾರದ ಹೆಂಗಸರಿಗೆ ಮಾತು ಬರಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ಮಾಗಿಯ ರಾತ್ರಿ ಅವರೆಕಾಯಿ ಬಿಡಿಸುವ ಜಗುಲಿಗೆ ಕರೆದುಕೊಂಡು ಹೋಗಿ ಕೂರಿಸಿ. ಒಗಟಿಗೆ ಒಗಟು, ಗಾದೆಗೆ ಗಾದೆ, ತೆಲುಗಿನಲ್ಲೊಂದು ಕನ್ನಡದಲ್ಲೊಂದು. ಹಿಂದೆ ಇದೇ ಜಿಲ್ಲೆಯಲ್ಲಿದ್ದು 2007ರಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದ ಕೈವಾರದ ನಾರೇಯಣ ತಾತಯ್ಯ ಎರಡೂ ಭಾಷೆಯಲ್ಲಿ ಪದ ಕಟ್ಟಿದ ನೆಲ ಇದು. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲಿ ಸೀತೆಯ ಗುಡಿ ಇದೆ. ಕಾಡಿಗಟ್ಟಿದ ಗಂಡನಿಂದ ದೂರವಾಗಿ ಅವಳು ಅವಳಿ ಮಕ್ಕಳನ್ನು ಹೆತ್ತು ಸಾಕಿದ್ದು ಅಲ್ಲೇ ಎನ್ನುತ್ತಾರೆ ನಮ್ಮ ಜನ. ಆ ಮಕ್ಕಳು ತಂದೆಯ ಮುಂದೆಯೇ ನಿಂತು ಇಡೀ ಕಥೆ ಹಾಡಿದರಂತೆ. ಪದ್ಯ ಕಲಿಸಿದ್ದು ವಾಲ್ಮೀಕಿ ಇರಬಹುದು. ಮೊದಲ ಮಾತು ಕಲಿಸಿದ್ದು ಯಾರು? ಸೀತೆಯನ್ನು ಬೆಳಗಿನ ನಾಲ್ಕೂವರೆಗೆ ಯಾರೂ ಬಸ್ಸು ಹತ್ತಿಸಲಿಲ್ಲ.

ಐವತ್ತು ಪದದ ಇಂಗ್ಲಿಷು

ಇನ್ನೊಂದು ದೃಶ್ಯ. ಶ್ರೀನಿವಾಸಪುರದ ಕಡೆ ಮಾವಿನ ತೋಪು ಕಾಯುವ ಮನೆ. ಮೂರು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಜ್ಜಿ ತೆಲುಗಿನಲ್ಲಿ ನರಿಯ ಕಥೆ ಹೇಳುತ್ತಿದ್ದಾಳೆ. ಮಗಳು ಒಳಗಿಂದ ಬಂದು ಬೈದಳು: ‘ಅವ್ವಾ, ಎಷ್ಟು ಸಲ ಹೇಳೋದು? ಮಗೂನ ಕಾನ್ವೆಂಟಿಗೆ ಹಾಕ್ತಾ ಇದೀವಿ. ನೀನು ಹಿಂಗೆ ಮಾತಾಡಿದ್ರೆ ಇಂಗ್ಲಿಷ್ ಹೆಂಗೆ ಬರುತ್ತೆ?’ ಅಜ್ಜಿ ಸುಮ್ಮನಾದಳು. ನರಿ ದ್ರಾಕ್ಷಿ ಬಳ್ಳಿಯ ಕೆಳಗೇ ನಿಂತುಬಿಟ್ಟಿತು. ಆಮೇಲೆ ತಾಯಿ ಮಗುವಿಗೆ ಹೇಳಿದ್ದು: ‘ಕಮ್. ಸಿಟ್. ಈಟ್.’

ನಗಬೇಡಿ. ಆ ತಾಯಿ ದಡ್ಡಿಯಲ್ಲ. ಪ್ರಪಂಚ ಅವಳಿಗೆ ಹೇಳಿಕೊಟ್ಟ ಪಾಠವನ್ನೇ ಒಪ್ಪಿಸುತ್ತಿದ್ದಾಳೆ. ಆದರೆ ನಷ್ಟದ ಲೆಕ್ಕ ನೋಡಿ. ಅವಳಿಗೆ ತನ್ನ ಮನೆಮಾತಿನಲ್ಲಿ ಸಾವಿರಾರು ಪದ ಗೊತ್ತು. ಬೆಳೆ, ಹೂವು, ಹುಳ, ನೆಂಟರು, ಕೋಪ, ಮುದ್ದು, ತಮಾಷೆ, ಸುಳ್ಳು, ಕನಸು ಎಲ್ಲಕ್ಕೂ ಪದ ಇದೆ. ಇಂಗ್ಲಿಷಿನಲ್ಲಿ ಗೊತ್ತಿರುವುದು ಐವತ್ತೋ ನೂರೋ. ಅದರಲ್ಲಿ ಮುಕ್ಕಾಲು ಪಾಲು ಅಪ್ಪಣೆ. ಬಾ, ಹೋಗು, ಕೂರು, ತಿನ್ನು, ಅಳಬೇಡ. ನಾಯಿಗೆ ಹೇಳುವಷ್ಟು ಮಾತು! ‘ಯಾಕೆ?’ ಅಂತ ಮಗು ಕೇಳಿದರೆ ಆ ಇಂಗ್ಲಿಷಿನಲ್ಲಿ ಉತ್ತರ ಇಲ್ಲ. ‘ಶಟಪ್’ ಮಾತ್ರ ಇದೆ. ಸದಾಶಿವನಗರದ ಡ್ಯಾಡಿ ಮಮ್ಮಿಗಳು ಮಗುವಿನ ಜೊತೆ ಇಂಗ್ಲಿಷಿನಲ್ಲಿ ಹರಟುತ್ತಾರೆ, ಯಾಕೆಂದರೆ ಅವರಿಗೆ ಅದು ಬರುತ್ತದೆ. ಅವರನ್ನು ನೋಡಿ ಶ್ರೀನಿವಾಸಪುರದ ತಾಯಿ ತನಗೆ ಬರುವ ಭಾಷೆಯನ್ನೂ ಬಿಟ್ಟಳು. ಅವರ ಮಗುವಿಗೆ ಒಂದು ಭಾಷೆ ಪೂರ್ತಿ ಸಿಕ್ಕಿತು. ಇವಳ ಮಗುವಿಗೆ ಒಂದೂ ಪೂರ್ತಿ ಸಿಗಲಿಲ್ಲ.

ಇದಕ್ಕೆ ಹೊಣೆ ಯಾರು? 1994ರಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಇಪ್ಪತ್ತು ವರ್ಷ ಕೋರ್ಟು ಕಚೇರಿ ಅಲೆದು 2014ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವ ಹಕ್ಕು ಅಪ್ಪ ಅಮ್ಮನದು, ಸರ್ಕಾರ ಹೇರುವಂತಿಲ್ಲ ಎಂದಿತು. 2019-20ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ನಾವು ಈ ಜಗಳವನ್ನು ಆರು ವರ್ಷದ ಮಗುವಿನ ಸುತ್ತ ಆಡಿದೆವು. ಅಷ್ಟರಲ್ಲಿ ಇಂಗ್ಲಿಷ್ ವ್ಯಾಮೋಹ ಮೂರು ವರ್ಷದ ಮಗುವಿನ ತೊಟ್ಟಿಲ ಹತ್ತಿರ ಹೋಗಿ ಕೂತಿತ್ತು.

ಇಂಗ್ಲಿಷ್ ಬಡವರಿಗೆ ಬೇಡವೇ ಅಂತ ಕೋಲಾರದ ದಲಿತ ಗೆಳೆಯರು ಕೇಳುತ್ತಾರೆ. ಈ ಮಾತಿನಲ್ಲಿ ನ್ಯಾಯವಿದೆ. ಜಿಲ್ಲೆಯ ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರು. ಕನ್ನಡದ ಹೆಸರಿನಲ್ಲಿ ಅವರ ಮಕ್ಕಳನ್ನು ಮಾತ್ರ ಸೋರುವ ಶಾಲೆಯಲ್ಲಿ ಕೂರಿಸಿ, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ ಕನ್ನಡದ ಮುಖಂಡರನ್ನು ಅವರು ನೋಡಿದ್ದಾರೆ. ಅಂಥ ಮುಖಂಡರ ಪರವಾಗಿ ಮಾತಾಡಲು ನನಗೆ ಬಾಯಿಲ್ಲ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿ ಕಲಿಯಲಿ, ಬಲ್ಲವರಿಂದ ಕಲಿಯಲಿ. ಆದರೆ ಅದನ್ನು ಕಲಿಸಬೇಕಾದ್ದು ತರಬೇತಾದ ಮೇಷ್ಟ್ರು. ತೋಪಿನ ಮನೆಯ ತಾಯಿಯಲ್ಲ. ಮನೆಮಾತು ಗಟ್ಟಿಯಾದ ಮಗು ಎರಡನೆಯ ಭಾಷೆಯನ್ನು ಅದರ ಮೇಲೆ ಕಟ್ಟುತ್ತದೆ. ಕೆನಡಾದ ಜಿಮ್ ಕಮ್ಮಿನ್ಸ್ 1979ರಿಂದಲೂ ಇದನ್ನೇ ಹೇಳುತ್ತಾ ಬಂದಿದ್ದಾರೆ. ಪಾಯವನ್ನೇ ಅಗೆದು ಹಾಕಿ ಮಹಡಿ ಕಟ್ಟುತ್ತೇವೆ ಅಂದರೆ ಹೇಗೆ?

ಈಗ ನಮ್ಮವರಿಗೇ ಒಂದು ಮಾತು

ಕಹಿಯಾಗುತ್ತದೆ, ಸಹಿಸಿಕೊಳ್ಳಿ. ಬೆಂಗಳೂರಿನ ಕನ್ನಡದ ಹುಡುಗರು ಕೋಲಾರದವರನ್ನು ಕಂಡರೆ ‘ಓ, ತೆಲುಗಾ?’ ಎನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರ ಕನ್ನಡಾಭಿಮಾನಕ್ಕೆ ನಾವು ಪ್ರಮಾಣಪತ್ರ ಕೇಳುತ್ತೇವೆ. ಮೊದಲ ದಿನ ಶಾಲೆಗೆ ಬಂದ ಮಗು ‘ನೀಳ್ಳು’ ಅಂದರೆ ‘ನೀರು ಅನ್ನೋ’ ಅಂತ ಗದರುವ ಮೇಷ್ಟ್ರಿಗೆ ನಮ್ಮ ಬೆಂಬಲವಿದೆ. ಆ ಮಗು ಆಮೇಲೆ ಬಾಯಾರಿದರೂ ಬಾಯಿಬಿಡುವುದಿಲ್ಲ. ಮಗುವಿನ ಬಾಯಿ ಮುಚ್ಚಿಸಿ ಕನ್ನಡ ಉಳಿಸುತ್ತೇವೆಯೇ?

ನಾನು ಹೇಳುತ್ತೇನೆ, ತೆಲುಗು ತಾಯಿ ತೆಲುಗಿನಲ್ಲೇ ಮಗುವನ್ನು ಮುದ್ದು ಮಾಡಲಿ. ಮಾಲೂರಿನ ಗಡಿ ಹಳ್ಳಿಯ ತಮಿಳು ತಾಯಿ ತಮಿಳಿನಲ್ಲಿ, ಕೋಲಾರ ಪೇಟೆಯ ಉರ್ದು ತಾಯಿ ಉರ್ದುವಿನಲ್ಲಿ, ಕನ್ನಡ ತಾಯಿ ಕನ್ನಡದಲ್ಲಿ. ಬಾಯಿತುಂಬ, ಹೊಟ್ಟೆತುಂಬ. ಇದರಿಂದ ಕನ್ನಡಕ್ಕೆ ಕೇಡಿಲ್ಲ, ಲಾಭವಿದೆ. ತೆಲುಗು ಮಗುವಿನ ‘ಚೆವಿ’ ಕನ್ನಡದ ‘ಕಿವಿ’. ‘ಚೆಯ್ಯಿ’ ಅಂದರೆ ‘ಕೈ’. ‘ಚೆರುವು’ ಅಂದರೆ ನಮ್ಮ ‘ಕೆರೆ’. ಕಿವಿಗೆ ಚೆವಿ, ಕೈಗೆ ಚೆಯ್ಯಿ, ಕೆರೆಗೆ ಚೆರುವು: ಅಲ್ಲಿ ಚಕಾರ, ಇಲ್ಲಿ ಕಕಾರ. ಮನೆಯಲ್ಲಿ ತೆಲುಗು ತುಂಬಿಕೊಂಡು ಬಂದ ಮಗುವಿಗೆ ಈ ಗುಟ್ಟು ಬೀದಿಯಲ್ಲಿ ಆಡುವಾಗಲೇ ಸಿಕ್ಕಿಬಿಡುತ್ತದೆ. ಆರು ತಿಂಗಳಲ್ಲಿ ಕನ್ನಡದಲ್ಲಿ ಜಗಳವಾಡುತ್ತದೆ. ಜಗಳವಾಡಿತು ಅಂದರೆ ಭಾಷೆ ಬಂತು ಅಂತಲೇ ಅರ್ಥ! ಮಾತೇ ಇಲ್ಲದ ಮನೆಯಿಂದ ಬಂದ ಮಗುವಿಗೆ ಕೆರೆಯೂ ಗೊತ್ತಿಲ್ಲ, ಚೆರುವೂ ಗೊತ್ತಿಲ್ಲ. ಅದಕ್ಕೆ ಏನನ್ನು ಹಿಡಿದು ಕನ್ನಡ ಕಲಿಸುತ್ತೀರಿ?

ಮನೆಮಾತು ಬೇರೆಯಾದರೆ ಕನ್ನಡಿಗನಾಗಲು ಆಗುವುದಿಲ್ಲ ಎನ್ನುವವರು ಒಮ್ಮೆ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮಕ್ಕೆ ಹೋಗಿ ಬನ್ನಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಕನ್ನಡ ಸಣ್ಣಕಥೆಗೆ ದಾರಿ ಹಾಕಿಕೊಟ್ಟವರು, 1983ರ ಜ್ಞಾನಪೀಠ ಕನ್ನಡಕ್ಕೆ ತಂದವರು. ಬೇಂದ್ರೆಯವರ ಮನೆಮಾತು ಮರಾಠಿ. ಅವರ ತಾಯಂದಿರು ಮಕ್ಕಳ ಜೊತೆ ಬಾಯಿ ಕಟ್ಟಿಕೊಂಡು ಕೂತಿದ್ದರೆ ಕನ್ನಡಕ್ಕೆ ಏನು ಸಿಗುತ್ತಿತ್ತು?

ಅಪ್ಪಂದಿರ ಸುದ್ದಿ ಬಿಟ್ಟೆನಲ್ಲ. ಇಷ್ಟುದ್ದ ತಾಯಿ ತಾಯಿ ಅಂತ ಬರೆದದ್ದಕ್ಕೆ ನನಗೇ ನಾಚಿಕೆ. ಅಪ್ಪನಿಗೆ ಬಾಯಿಲ್ಲವೇ? ಅರಳೀಕಟ್ಟೆಯ ಮೇಲೆ, ಟೀ ಅಂಗಡಿಯಲ್ಲಿ, ಟೊಮೆಟೊ ಮಂಡಿಯಲ್ಲಿ ರಾಜಕೀಯವನ್ನು ಅರೆದು ಕುಡಿಯುವ ಗಂಡಸರು ಮನೆಗೆ ಬಂದು ಮಗುವಿನ ಮುಂದೆ ಮೂಗರಾಗುತ್ತಾರೆ. ಭಾಷೆಗಾಗಿ ಪ್ರಾಣ ಕೊಡುತ್ತೇನೆ ಎನ್ನುವ ಎಷ್ಟು ಜನ ತಮ್ಮ ಮಗಳಿಗೆ ಅರ್ಧ ಗಂಟೆ ಕೊಟ್ಟಿದ್ದೀರಿ? ಪ್ರಾಣ ಇಟ್ಟುಕೊಳ್ಳಿ, ಅರ್ಧ ಗಂಟೆ ಸಾಕು.

ಹೊತ್ತು ಯಾರು ಕೊಡಬೇಕು?

ತಿಳಿವಳಿಕೆ ಕೊಟ್ಟರೆ ಬಡವರ ಮನೆಯಲ್ಲೂ ಬದಲಾವಣೆ ಆಗುತ್ತದೆ ಎನ್ನುವುದಕ್ಕೆ ಸಾಕ್ಷಿಯಿದೆ. ಆಫ್ರಿಕದ ಸೆನೆಗಾಲ್ ದೇಶ. ಆಳಿದವರು ಬಿಟ್ಟುಹೋದ ಫ್ರೆಂಚ್ ಅಲ್ಲಿ ಆಡಳಿತ ಭಾಷೆ. ಹಳ್ಳಿಯ ಜನ ಆಡುವುದು ವೊಲೋಫ್. ಎಳೆಗೂಸಿನ ಜೊತೆ ಕಣ್ಣಿಟ್ಟು ಮಾತಾಡಿದರೆ ದೆವ್ವದ ಕಣ್ಣು ಬೀಳುತ್ತದೆ ಎಂಬ ಭಯ ಅಲ್ಲಿ ಕೆಲವರಿಗೆ. ತೋಸ್ತಾನ್ ಎಂಬ ಸಂಸ್ಥೆ ಆ ತಾಯಂದಿರನ್ನು ಬೈಯಲಿಲ್ಲ, ಫ್ರೆಂಚ್ ಕಲಿಸಲಿಲ್ಲ. ಅವರ ಭಾಷೆಯಲ್ಲೇ ಕೂತು ಮಾತಾಡಿತು. ತಾಯಂದಿರು ಮಕ್ಕಳ ಜೊತೆ ಹೆಚ್ಚು ಮಾತಾಡತೊಡಗಿದರು, ಮಕ್ಕಳ ಮಾತು ಸುಧಾರಿಸಿತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದಕ್ಕೂ ಮೊದಲು 1986-87ರಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಮನೆಗೆ ಹೋಗಿ, ಬೆಳವಣಿಗೆ ಕುಂಠಿತವಾದ ಮಕ್ಕಳ ಜೊತೆ ಆಡುವುದು, ಮಾತಾಡುವುದು ಹೇಗೆಂದು ತಾಯಂದಿರಿಗೆ ತೋರಿಸಿಕೊಟ್ಟರು. ಎರಡು ವರ್ಷ ಅಷ್ಟೇ. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಮಕ್ಕಳ ಗಳಿಕೆ ಅಂಥದೇ ಬೇರೆ ಮಕ್ಕಳಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ಆರೋಗ್ಯ ಕಾರ್ಯಕರ್ತೆ ಇಲ್ಲವೇ? ಆಶಾ ಇದ್ದಾರೆ, ಅಂಗನವಾಡಿ ಟೀಚರ್ ಇದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಈಗ ಅಂಗನವಾಡಿ ಇಲ್ಲದ ಊರು ಅಪರೂಪ. ಆದರೆ ಆಟ ಪಾಠ ಸಿಗುವುದು 3ರಿಂದ 6 ವರ್ಷದವರಿಗೆ. ಅದಕ್ಕಿಂತ ಚಿಕ್ಕ ಮಗುವಿಗೆ ಸಿಗುವುದು ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ, ತೂಕ, ಲಸಿಕೆ. ಮಾತು ಮೊಳೆಯುವ ಕಾಲದಲ್ಲೇ ಸರ್ಕಾರದ ಬಾಯಿ ಬಂದ್! ಆ ಟೀಚರಮ್ಮನಿಗಾದರೂ ಪುರುಸೊತ್ತು ಎಲ್ಲಿದೆ? ಸಮೀಕ್ಷೆ, ಚುನಾವಣೆ ಪಟ್ಟಿ, ಮೊಬೈಲ್ ಆ್ಯಪಿಗೆ ಫೋಟೊ. ಸಂಬಳ ಅನ್ನುವಂತಿಲ್ಲ, ಅದರ ಹೆಸರು ಗೌರವಧನ. ಇವರಿಗೆ ಗ್ರ್ಯಾಚುಟಿ ಕೊಡಬೇಕು ಅಂತ ಹೇಳಿಸಿಕೊಳ್ಳುವುದಕ್ಕೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, 2022ರಲ್ಲಿ! ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಈ ಹೆಂಗಸರು ಚಳಿಯಲ್ಲಿ ಮಲಗಿ ಧರಣಿ ಮಾಡುವಾಗ ನಾವು ಅದರ ಪಕ್ಕದ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಹೋಗಿದ್ದೇವೆ. ನಾಡಿನ ಮೊದಲ ಭಾಷಾ ಶಿಕ್ಷಕಿಯರು ಅವರು. ನಾವು ನಿಲ್ಲಲಿಲ್ಲ.

ರಜೆಯ ಕಥೆ ಕೇಳಿ. 2017ರ ತಿದ್ದುಪಡಿಯಲ್ಲಿ 26 ವಾರ ಸಂಬಳ ಸಹಿತ ಹೆರಿಗೆ ರಜೆ ಬಂತು. 50 ಜನ ಇರುವಲ್ಲಿ ಶಿಶುವಿಹಾರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತಲೂ ಬರೆದರು. ಅದಕ್ಕೂ ಮೊದಲು 1948ರ ಕಾರ್ಖಾನೆ ಕಾಯ್ದೆಯಲ್ಲೇ 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ತೊಟ್ಟಿಲು ಕಟ್ಟಬೇಕು ಎಂದಿತ್ತು. ಕಾಗದದ ಮೇಲೆ ಕಟ್ಟಿದ ತೊಟ್ಟಿಲುಗಳು! ಇನ್ನು ಟೊಮೆಟೊ ತೋಟದಲ್ಲಿ ಕಾಯಿ ಬಿಡಿಸುವವಳಿಗೆ, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುವವಳಿಗೆ ಯಾವ ರಜೆ? ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ. ಅದೇ 26 ವಾರಕ್ಕೆ ಹಂಚಿ ನೋಡಿ, ದಿನಕ್ಕೆ 27 ರೂಪಾಯಿ ಬೀಳುತ್ತದೆ. ಇಪ್ಪತ್ತೇಳು ರೂಪಾಯಿಗೆ ಯಾವ ಕೂಲಿಯವಳು ಮನೆಯಲ್ಲಿ ಕೂತು ಚಂದಮಾಮನನ್ನು ತೋರಿಸಿಯಾಳು?

ಬೆಂಗಳೂರಿನ ತರುಣರೇ, ಇದು ದೂರದ ಊರಿನ ಕಥೆ ಅನ್ನಬೇಡಿ. ನಿಮ್ಮ ಬೆಳಗಿನ ಹಾಲು ಕೋಲಾರದ್ದು, ಟೊಮೆಟೊ ಕೋಲಾರದ್ದು, ಮಾವು ಶ್ರೀನಿವಾಸಪುರದ್ದು. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಬಾಗಿಲು ಹಾಕಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರಿನ ರೈಲುಗಳು ತುಂಬಿ ತುಂಬಿ ನಿಮ್ಮೂರಿಗೇ ಬರುತ್ತಿವೆ. ವೈಟ್‌ಫೀಲ್ಡಿನಲ್ಲಿ ಇಳಿದು ನಿಮ್ಮ ಆಫೀಸಿನ ನೆಲ ಒರೆಸುವ ಹೆಂಗಸು, ನಿಮ್ಮ ಅಪಾರ್ಟ್‌ಮೆಂಟಿನ ಮಗುವನ್ನು ಆಡಿಸುವ ಆಯಾ, ತನ್ನ ಕೂಸನ್ನು ಮೊಬೈಲಿನ ಮುಂದೆ ಬಿಟ್ಟು ಬಂದವಳು. ನಿಮ್ಮ ಅಣ್ಣನ ಮಗುವಿಗೆ ಅವಳು ಕನ್ನಡದಲ್ಲಿ ಕಾಗೆ ಗುಬ್ಬಿ ಕಥೆ ಹೇಳುತ್ತಾಳೆ. ಅವಳ ಮಗುವಿಗೆ ಹೇಳುವವರಿಲ್ಲ. ಬೆಂಗಳೂರು ಇದಕ್ಕೆ ಬದಲಾಗಿ ಕೋಲಾರಕ್ಕೆ ಏನು ಕೊಟ್ಟಿತು? 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಚ್ಚೆ ನೀರು!

2023ರಲ್ಲಿ ಸರ್ಕಾರ ‘ಕೂಸಿನ ಮನೆ’ ಅಂತ ಒಂದು ಯೋಜನೆ ತಂದಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗೆ 4,000 ಗ್ರಾಮ ಪಂಚಾಯ್ತಿಗಳಲ್ಲಿ ಶಿಶುವಿಹಾರ. ಹೆಸರು ಸೊಗಸಾಗಿದೆ. ಕನ್ನಡದಲ್ಲಿ ಯೋಜನೆಗೆ ಹೀಗೆ ಹೆಸರಿಡಬಲ್ಲವರು ಸರ್ಕಾರದಲ್ಲಿ ಇನ್ನೂ ಇದ್ದಾರಲ್ಲ ಅಂತ ಖುಷಿಯಾಯಿತು. ಮಾತು ಮೊಳೆಯುವ ವಯಸ್ಸಿನ ಕೂಸುಗಳಿಗೆ ಅದೇ ಜಾಗ. ಆದ್ದರಿಂದ ಈ ನವೆಂಬರಿನಲ್ಲಿ ಆರ್ಕೆಸ್ಟ್ರಾದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ನಾಲ್ಕೈದು ಜನ ಸೇರಿಕೊಂಡು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಂಚಾಯ್ತಿಗಳಿಗೆ ಹೋಗಿ. ಬಾವುಟ ಬೇಕಾದರೆ ಹಿಡಿದುಕೊಳ್ಳಿ. ಪಿಡಿಓ ಮುಂದೆ ಕೂತು ಕೇಳಿ: ನಿಮ್ಮಲ್ಲಿ ಕೂಸಿನ ಮನೆ ಇದೆಯೇ? ಬೀಗ ತೆಗೆದಿದೆಯೇ? ಎಷ್ಟು ಹೊತ್ತಿಗೆ ತೆಗೆಯುತ್ತೀರಿ? ನಾಲ್ಕೂವರೆಯ ಬಸ್ಸು ಹತ್ತುವವಳ ಮಗುವಿಗೂ ಜಾಗ ಇದೆಯೇ? ಒಳಗೆ ಎಷ್ಟು ಕೂಸುಗಳು, ಅವುಗಳ ಜೊತೆ ಮಾತಾಡುವವರು ಯಾರು, ಅವರ ಸಂಬಳ ಬಂದು ಎಷ್ಟು ತಿಂಗಳಾಯಿತು?